ಪುಕ್ಕಟೆ

ಕೇಬಲ್ಲಿನ ಒಂದು ತುದಿ ಮೂವತ್ತೆಂಟು ವರ್ಷದ ಹೆಣಿಗೆ ಯಂತ್ರಕ್ಕೆ,
ಇನ್ನೊಂದು ತುದಿ ನನ್ನ ಕೈಯಲ್ಲಿ.
ಯಂತ್ರ ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು.
ಅದರ ಭಾಷೆ ಬಲ್ಲವರು ಈಗ ಯಾರೂ ಇಲ್ಲ,
ಇದ್ದರೆ ಅವನೊಬ್ಬ:
ಜೆಫೆರಿನೊ, ಸೆತೂಬಲ್, ಪೋರ್ಚುಗಲ್.
ರಾತ್ರಿ ಹೊತ್ತು ತನಗಾಗಿ ಬರೆದುಕೊಂಡ ತಂತ್ರಾಂಶವಂತೆ.
ಬೇಕಾದವರು ಒಯ್ಯಿರಿ, ದುಡ್ಡು ಬೇಡ ಎಂದಿದ್ದಾನೆ.

ಆ ಬೇಡವೇ ನನಗೆ ಮುಳ್ಳಾಯಿತು.
ಕೇಳಿದ್ದರೆ ಬೈಯುತ್ತ ಕೊಟ್ಟು
ನಿಶ್ಚಿಂತಳಾಗಿರುತ್ತಿದ್ದೆ.

ಒತ್ತಿದೆ. ಪರದೆಯ ಮೇಲೆ ಹಳದಿ ಫಲಕ:
ಇದನ್ನು ಮಾಡಿದವರು ಅಪರಿಚಿತರು. ಮುಂದುವರಿಯಬೇಕೆ?
ಬೇಡ.
ಕಾಫಿ ಕಾಯಿಸಿದೆ. ಮತ್ತೆ ಒತ್ತಿದೆ.
ಬೇಡ.

ಅಕ್ಕನ ಮಗ ಹಾನುಸ್, ಮೀನಿನ ಕಾರ್ಖಾನೆಯ
ಕಂಪ್ಯೂಟರುಗಳನ್ನು ಕಾಯುವವನು, ಫೋನಿನಲ್ಲೇ ಗದರಿದ:
"ಗಾಳದ ತುದಿಯಲ್ಲಿರುವುದೂ ಪುಕ್ಕಟೆಯೇ ಚಿಕ್ಕಮ್ಮ,
ಕಾಡ್ ಮೀನನ್ನು ಕೇಳು."
ಸುಳ್ಳಲ್ಲ. ಈ ಪೆಟ್ಟಿಗೆಯಲ್ಲಿ
ದೋಣಿ ಸಂಘದ ಏಳು ವರ್ಷದ ಲೆಕ್ಕವಿದೆ,
ಹುಟ್ಟು ಹಾಕುವ ಹುಡುಗಿಯರ ಮನೆ ವಿಳಾಸಗಳಿವೆ.
ಅವು ನನ್ನವಲ್ಲ. ನನ್ನ ಬಾಗಿಲಷ್ಟೇ ಆಗಿದ್ದರೆ
ಯಾವತ್ತೋ ತೆರೆದುಬಿಡುತ್ತಿದ್ದೆ.

ಆದರೂ ಕೇಳಬೇಕೆನಿಸುತ್ತದೆ, ಹಾನುಸ್:
ಸುರಂಗ ದಾಟಿದ ತಿರುವಿನಲ್ಲಿ ಮರದ ಪೆಟ್ಟಿಗೆ,
ಒಳಗೆ ಆಲೂಗಡ್ಡೆ, ಪಕ್ಕದಲ್ಲಿ ತುಕ್ಕು ಹಿಡಿದ ದುಡ್ಡಿನ ಡಬ್ಬಿ.
ಇಟ್ಟವರಾರೋ, ಕೊಂಡವರಾರೋ,
ಮಂಜಿನಲ್ಲಿ ಒಬ್ಬರ ಮುಖ ಒಬ್ಬರು ಕಂಡಿಲ್ಲ.
ಬೇಯಿಸುವಾಗ ನೀನು ಯಾರ ಪ್ರಮಾಣಪತ್ರ ಕೇಳಿದೆ?

ಅವನ ಬಳಿ ಉತ್ತರವಿದೆ, ನನಗೆ ಗೊತ್ತು:
ಆಲೂಗಡ್ಡೆ ನಡುರಾತ್ರಿ ಎದ್ದು
ಕಪಾಟು ತೆರೆಯುವುದಿಲ್ಲ.

ಮೂರು ದಿನ ಅಳೆದೂ ಸುರಿದೂ ಕೂತೆ.
ಬರೆದದ್ದನ್ನೆಲ್ಲ ಅವನು ಬಿಚ್ಚಿಟ್ಟಿದ್ದಾನೆ ಸಾಲು ಸಾಲಾಗಿ,
ಓದಬಲ್ಲವರು ಓದಿಕೊಳ್ಳಲಿ ಎಂದು.
ನಾನು ಓದಲಾರೆ. ಅಕ್ಷರ ಬಾರದವಳಿಗೆ
ತೆರೆದ ಪುಸ್ತಕವೂ ಮುಚ್ಚಿದ್ದೇ.
ನಡುನಡುವೆ ಮಾತ್ರ ತನಗೆ ತಾನೇ ಗೊಣಗಿಕೊಂಡ ಟಿಪ್ಪಣಿಗಳು,
ಯಂತ್ರದ ಅನುವಾದದಲ್ಲಿ, ಹರಕು ಮುರುಕು:

"ಮಾರ್ಚ್. ಹದಿನೇಳನೇ ಸಾಲಿಗೆ ಸೂಜಿ ತಪ್ಪುತ್ತದೆ. ಯಾಕೆ?"
"ಏಪ್ರಿಲ್. ಇನ್ನೂ ತಪ್ಪುತ್ತದೆ. ಫಿಲೊಮೆನಾಳ ಶಾಲು ಹಾಳು.
ಮಾತು ಬಿಟ್ಟಿದ್ದಾಳೆ."
"ಜೂನ್. ತಪ್ಪು ನನ್ನದೇ. ಸೊನ್ನೆಯಿಂದ ಎಣಿಸಬೇಕಿತ್ತು,
ಒಂದರಿಂದ ಎಣಿಸಿದೆ."

ಅಲ್ಲಿ ನಿಂತೆ.
ಹದಿನೇಳು ಸಾಲು ಬಿಚ್ಚುವುದೆಂದರೇನು, ಹೆಣೆದವರು ಬಲ್ಲರು.
ಹಾಗೆಂದು ಒಳ್ಳೆಯವನೆನ್ನಲಾರೆ.
ಕಳ್ಳನೂ ಶಾಲು ಹೆಣೆದಾನು,
ಫಿಲೊಮೆನಾಳನ್ನೂ ಅವಳ ಮುನಿಸನ್ನೂ ಸೇರಿಸಿ ಹೆಣೆದಾನು.
ಆದರೆ ಮಾರ್ಚಿನಿಂದ ಜೂನ್‌ವರೆಗೆ
ಒಂದು ಸೊನ್ನೆಗಾಗಿ ಕೂರುವ ಪುರುಸೊತ್ತು
ಯಾವ ಕಳ್ಳನಿಗಿದೆ?

ನಂಬಿಕೆ ಇರಲಿ, ಅಗುಳಿಯೂ ಇರಲಿ.
ಅಟ್ಟದಿಂದ ಹಳೆಯ ಲ್ಯಾಪ್‌ಟಾಪ್ ಇಳಿಸಿದೆ.
ಅದರಲ್ಲಿ ಒಂಟಿಯಾಡುವ ಇಸ್ಪೀಟು ಬಿಟ್ಟರೆ ಏನೂ ಇಲ್ಲ.
ತಂತ್ರಾಂಶವನ್ನು ಕಡ್ಡಿಯಲ್ಲಿ ತಂದು ಹಾಕಿ,
ಹೊರಲೋಕದ ದಾರಿಗಳನ್ನೆಲ್ಲ ಮುಚ್ಚಿ,
ಹೌದು ಎಂದೆ.

ಕರ್‍ರ್ ಎಂದಿತು ಯಂತ್ರ, ನಿದ್ದೆ ಕೆಡಿಸಿದವರನ್ನು ಶಪಿಸುವಂತೆ.
ನೂರ ಎಂಬತ್ತು ಸೂಜಿ ಎದ್ದವು, ಬಿದ್ದವು.
ಹಕ್ಕಿಗಳು ಬಂದವು, ಕಪ್ಪು ಬೆನ್ನು, ಬಿಳಿ ಹೊಟ್ಟೆ,
ನಮ್ಮ ಕಡಲಂಚಿನ ಚಾಲ್ದುರ್, ಹನ್ನೊಂದು ಸಾಲಾಗಿ,
ಹನ್ನೊಂದೂ ಉಲ್ಟಾ ದಿಕ್ಕಿಗೆ ಮುಖ ಮಾಡಿ!
ಕನ್ನಡಿಯನ್ನು ಅವನು ಎರಡು ಸಲ ತಿರುಗಿಸಿದ್ದ.

ನಗು ಬಂತು. ಅವನಿಗೆ ಬರೆದೆ:
ಹಕ್ಕಿಗಳು ಮನೆಗೆ ಬೆನ್ನು ಹಾಕಿವೆ,
ನನ್ನ ವಿನ್ಯಾಸದ ಕಡತ ಲಗತ್ತಿಸಿದ್ದೇನೆ, ತೆರೆದು ನೋಡಿ.

ನಾಲ್ಕು ದಿನ ಉತ್ತರವಿಲ್ಲ.
ಐದನೆಯ ದಿನ ಪಾತ್ರೆ ತೊಳೆಯುತ್ತ ಥಟ್ಟನೆ ಹೊಳೆಯಿತು:
ಸೆತೂಬಲ್ಲಿನ ಒಂದು ಮೇಜಿನ ಮುಂದೆ
ಅವನೂ ಕೂತಿದ್ದಾನೆ, ಹಳದಿ ಫಲಕ ನೋಡುತ್ತ.
ಯಾರೀಕೆ ಯೋಹಿಲ್ಡ್?
ಭೂಪಟದಲ್ಲಿ ಉಪ್ಪಿನ ಹರಳಿನಷ್ಟಿರುವ ದ್ವೀಪದಿಂದ
ಕೇಳದೆ ಏನೋ ಕಳಿಸಿದ್ದಾಳೆ,
ತೆರೆಯಿರಿ ಅನ್ನುತ್ತಾಳೆ, ಅದೂ ಪುಕ್ಕಟೆ.

ಕೈ ಒರೆಸಿಕೊಂಡು ಇನ್ನೊಂದು ಪತ್ರ ಬರೆದೆ, ಕಡತವಿಲ್ಲದೆ:
ನಾನೂ ಇಪ್ಪತ್ತೆರಡು ಸಾಲು ಬಿಚ್ಚಿದೆ.
ಅವಸರವಿಲ್ಲ.
ಅಂದಹಾಗೆ, ಫಿಲೊಮೆನಾ
ಈಗ ಮಾತಾಡುತ್ತಾಳೆಯೆ?